ಬಿಸಿನೀರಿನ ಪಕ್ಕದಲ್ಲಿ ಬೀಳುವ ತಣ್ಣೀರು

ಸಿದ್ದಾಪುರದ ನಮ್ಮ ಮನೆಯ ಬಚ್ಚಲಿಗೆ ಎರಡು ನೀರಿತ್ತು. ಒಳಗೆ ಒಲೆಯ ಮೇಲೆ ಮಸಿ ಹಿಡಿದ ತಾಮ್ರದ ಹಂಡೆ. ಹೊರಗೆ, ಅದೇ ಗೋಡೆಗೆ ತಾಗಿ, ಒಂದು ಉದ್ದನೆಯ ಕಲ್ಲಿನ ಮರಿಗೆ. ಹಿತ್ತಿಲ ಗುಡ್ಡದ ಅಬ್ಬಿಯಿಂದ ಅಡಿಕೆ ದಬ್ಬೆಯಲ್ಲಿ ಇಳಿದು ಬರುವ ನೀರು ಹಗಲೂ ರಾತ್ರಿ ಆ ಮರಿಗೆಗೆ ಬೀಳುತ್ತಿತ್ತು. ಎರಡಾಗಿ ಸೀಳಿ ತಿರುಳು ತೆಗೆದ ಅಡಿಕೆ ಮರಗಳನ್ನು ಒಂದರ ಬಾಯಿ ಇನ್ನೊಂದರ ಮೇಲೆ ಬರುವಂತೆ ಕವೆಗೋಲಿನ ಮೇಲೆ ಕೂರಿಸಿದ ಸಾಲು ಅದು. ಧನುರ್ಮಾಸದ ಚಳಿಯಲ್ಲಿ ಹಂಡೆಯ ಬಿಸಿನೀರು ಮೈಮೇಲೆ ಸುರಿದುಕೊಳ್ಳುತ್ತಾ ಗೋಡೆಯಾಚೆ ಆ ತಣ್ಣೀರಿನ ಸದ್ದು ಕೇಳುವುದಿತ್ತಲ್ಲ, ನನ್ನ ಮಟ್ಟಿಗೆ ಸ್ನಾನವೆಂದರೆ ಇವತ್ತಿಗೂ ಅದೇ.

ಪ್ರತಿ ಮಳೆಗಾಲ ಮುಗಿದ ಮೇಲೆ ಅಪ್ಪಯ್ಯ ದಬ್ಬೆಗಳನ್ನು ಸರಿಮಾಡುತ್ತಿದ್ದ. ನಾನು ಕೊನೆಯ ತುದಿ ಹಿಡಿದುಕೊಂಡು ನಿಲ್ಲಬೇಕು. "ಇನ್ನೂ ಚೂರು ತಗ್ಗಿಸವು ತಂಗಿ, ನೀರು ಸಿಡೀತಾ ಇದ್ದು" ಎಂದು ಹೇಳಿ ಕವೆಗೋಲಿನ ಬುಡದ ಕಲ್ಲು ತೆಗೆಯುತ್ತಿದ್ದ. ಕಡೆಗೆ ನೀರು ಒಂದೂವರೆ ಗೇಣಿನಷ್ಟು ಎತ್ತರದಿಂದ ಬೀಳುವಂತಾದಾಗ ಕೈ ಒರೆಸಿಕೊಂಡು ಹೊರಟುಬಿಡುತ್ತಿದ್ದ. ಒಂದೂವರೆ ಗೇಣೇ ಯಾಕೆ ಎಂದು ನಾನು ಕೇಳಿರಲಿಲ್ಲ, ಅವನು ಹೇಳಿರಲೂ ಇಲ್ಲ. ಆ ಲೆಕ್ಕ ನನಗೆ ಅರ್ಥವಾಗಿದ್ದು ಬೆಂಗಳೂರಿನ ಒಂದು ತಾರಸಿಯ ಮೇಲೆ ಕೆಲಸ ಕೆಡಿಸಿಕೊಂಡು, ಆಮೇಲೆ ಇನ್ನೊಂದು ಮನೆಯಲ್ಲಿ ಸರಿಯಾಗಿ ಮಾಡಿದಾಗ.

ಮನೆಗಳಿಗೆ, ತೋಟದ ಬಂಗಲೆಗಳಿಗೆ ನೀರಿನ ಅಲಂಕಾರ ಮಾಡಿಕೊಡುವುದು ನನ್ನ ಕಸುಬು. ಮೊದಲೆಲ್ಲ ಅಂಗಳದ ಕಾರಂಜಿ, ತಾವರೆ ಕೊಳ, ಗೋಡೆಯ ಮೇಲೆ ಇಳಿಯುವ ನೀರು ಇಷ್ಟೇ ಇರುತ್ತಿತ್ತು. ಈಗ ಕೆಲವು ವರ್ಷಗಳಿಂದ ಬಿಸಿನೀರಿನ ಟಬ್ ಇಟ್ಟುಕೊಳ್ಳುವವರು ಹೆಚ್ಚಾಗಿದ್ದಾರೆ. ಟಬ್ ಬಂದ ಹಿಂದೆಯೇ "ಅದಕ್ಕೊಂದು ಫಾಲ್ಸ್ ಮಾಡಿಕೊಡಿ ಮೇಡಂ" ಎನ್ನುವ ಫೋನೂ ಬರುತ್ತದೆ. ಫೋನಿನಲ್ಲಿ ಮತ್ತೆ ಮತ್ತೆ ಹೇಳುವ ಮಾತನ್ನೇ ಇಲ್ಲಿ ಬರೆದಿಡುತ್ತಿದ್ದೇನೆ. ಟಬ್ಬಿನ ಬಿಸಿನೀರನ್ನೇ ಮೇಲಕ್ಕೆತ್ತಿ ಬೀಳಿಸಬೇಡಿ. ಬೀಳುವ ನೀರು ಬೇರೆಯದಾಗಿರಲಿ, ತಣ್ಣಗಿರಲಿ, ತಗ್ಗಿನಿಂದ ಬೀಳಲಿ.

ನಮ್ಮಲ್ಲಿ ಎಲ್ಲರೂ ಜಕೂಜಿ ಎಂದೇ ಕರೆಯುವ ಈ ಟಬ್ಬಿನ ಹಿಂದೆ ಒಬ್ಬ ತಂದೆಯ ಕಥೆಯಿದೆ. ಜಕೂಜಿ ಎನ್ನುವುದು ಇಟಲಿಯಿಂದ ಅಮೆರಿಕದ ಕ್ಯಾಲಿಫೋರ್ನಿಯಾಕ್ಕೆ ಹೋಗಿ ನೆಲೆಸಿದ ಒಂದು ಮನೆತನದ ಹೆಸರು. ನೀರಿನ ಪಂಪು ಮಾಡುವವರು ಅವರು. ಆ ಮನೆಯ ಕ್ಯಾಂಡಿಡೊ ಜಕೂಜಿಯ ಮಗನಿಗೆ ಚಿಕ್ಕಂದಿನಲ್ಲೇ ಸಂಧಿವಾತ ಬಂತು. ಆಸ್ಪತ್ರೆಯ ಬಿಸಿನೀರಿನ ಚಿಕಿತ್ಸೆ ಮನೆಯಲ್ಲೇ ಸಿಗಲಿ ಎಂದು ಆ ತಂದೆ ಸ್ನಾನದ ತೊಟ್ಟಿಯೊಳಗೆ ಇಳಿಸುವಂಥ ಪಂಪು ಮಾಡಿದ. 1956ರಲ್ಲಿ ಅದು ಮಾರಾಟಕ್ಕೆ ಬಂತು. ಪಂಪು, ತೊಟ್ಟಿ ಎರಡೂ ಒಂದೇ ಆಗಿರುವ ಟಬ್ ಬಂದಿದ್ದು 1968ರಲ್ಲಿ. ನೋವಿಗೆ ಶಾಖ ಕೊಡಲೆಂದು ಹುಟ್ಟಿದ ವಸ್ತು ಇದು. ಅದರ ಪಕ್ಕದಲ್ಲಿ ನಾವು ಏನು ಕಟ್ಟಿದರೂ ಆ ಶಾಖವನ್ನು ಕಸಿಯಬಾರದು.

ನಾನು ಕಸಿದೆ. ಬೆಂಗಳೂರಿನ ಆ ಮನೆಯ ತಾರಸಿಯ ಮೇಲೆ 1200 ಲೀಟರಿನ ಟಬ್ ಇತ್ತು. ಹಿಂದೆ ಆರಡಿ ಎತ್ತರದ ಗೋಡೆ ಕಟ್ಟಿಸಿ, ನೆತ್ತಿಯಲ್ಲಿ ಎರಡಡಿ ಅಗಲದ ಅಂಚು ಕೂರಿಸಿ, ಟಬ್ಬಿನ ನೀರನ್ನೇ ಪಂಪಿನಿಂದ ಮೇಲಕ್ಕೆತ್ತಿ ಹಾಳೆಯಂತೆ ಬೀಳಿಸಿದೆ. ಎರಡಡಿ ಅಂಚಿನ ಮೇಲೆ ಒಂದೂವರೆ ಸೆಂಟಿಮೀಟರ್ ದಪ್ಪಕ್ಕೆ ನೀರು ಹರಿಯಬೇಕೆಂದರೆ ನಿಮಿಷಕ್ಕೆ ಸುಮಾರು 120 ಲೀಟರ್ ಬೇಕು. ಅಂದರೆ ಹತ್ತು ನಿಮಿಷಕ್ಕೊಮ್ಮೆ ಟಬ್ಬಿನ ಅಷ್ಟೂ ನೀರು ಆರಡಿ ಮೇಲಿಂದ ಗಾಳಿಯಲ್ಲಿ ಹಾದು ಬರುತ್ತದೆ. ಹಗಲಲ್ಲಿ ನೋಡಲು ಬಹಳ ಚೆನ್ನಾಗಿತ್ತು. ಫೋಟೋ ತೆಗೆದುಕೊಂಡು ಖುಷಿಯಿಂದ ಮನೆಗೆ ಬಂದೆ.

ಡಿಸೆಂಬರ್ ಬಂತು. ಮನೆಯವರು ಸಂಜೆ ಕರೆದರು. ನೀರನ್ನು 39 ಡಿಗ್ರಿಗೆ ಕಾಯಿಸಿ, ಫಾಲ್ಸ್ ಹಾಕಿ ಕೂತರೆ ಒಂದು ಗಂಟೆಯೊಳಗೆ ಒಂದೂವರೆ ಡಿಗ್ರಿ ಇಳಿಯುತ್ತಿತ್ತು. 3 ಕಿಲೋವಾಟಿನ ಹೀಟರ್ ಅಷ್ಟು ಹೊತ್ತೂ ಉರಿಯುತ್ತಲೇ ಇತ್ತು. ಫಾಲ್ಸ್ ಇಲ್ಲದಿದ್ದರೆ, ಮುಚ್ಚಳ ಹಾಕಿದ ಆ ಟಬ್ಬನ್ನು ಅದೇ ಹೀಟರು ಗಂಟೆಗೆ ಎರಡು ಡಿಗ್ರಿಯಷ್ಟು ಏರಿಸಬಲ್ಲದು. ಮನೆಯ ಅಜ್ಜಿ ಭುಜದ ನೋವಿಗೆಂದು ನೀರಿನಲ್ಲಿ ಕೂತಿದ್ದರು. ನನ್ನನ್ನು ನೋಡಿ "ಅಮ್ಮಾ, ಮೊದಲು ಅದನ್ನ ನಿಲ್ಲಿಸು. ಪಕ್ಕದಲ್ಲಿ ಕೂತ ಮಗಳ ಮಾತೇ ಕೇಳಿಸಲ್ಲ" ಎಂದರು. ನಿಲ್ಲಿಸಿದೆ. ತಾರಸಿಯೆಲ್ಲ ಒಮ್ಮೆಲೇ ಹಗುರವಾದ ಹಾಗಾಯಿತು.

ಆ ರಾತ್ರಿ ಕೂತು ಲೆಕ್ಕ ಹಾಕಿದೆ. ಮೊದಲೇ ಹಾಕಬೇಕಿದ್ದ ಲೆಕ್ಕ. ಒಂದು ಲೀಟರ್ ನೀರು ಆವಿಯಾಗಿ ಹೋಗುವಾಗ ಸುಮಾರು 2400 ಕಿಲೋಜೂಲ್ ಶಾಖವನ್ನು ತನ್ನ ಜೊತೆ ಒಯ್ಯುತ್ತದೆ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಕಾಯಿಸಲು ಬೇಕಾಗುವುದು 4.2 ಕಿಲೋಜೂಲ್ ಮಾತ್ರ. ಎಂದರೆ 1000 ಲೀಟರಿನ ಟಬ್ಬಿನಿಂದ ಬರೇ ಒಂದು ಲೀಟರ್ ಆವಿಯಾದರೂ ಉಳಿದ ನೀರೆಲ್ಲ ಅರ್ಧ ಡಿಗ್ರಿಗಿಂತ ಹೆಚ್ಚು ತಣಿಯುತ್ತದೆ. ಬಿಸಿನೀರನ್ನು ತೆಳ್ಳಗೆ ಹರಡಿ, ಎರಡೂ ಮಗ್ಗುಲಿಗೆ ತಣ್ಣನೆಯ ಗಾಳಿ ತಾಗುವಂತೆ ಬೀಳಿಸಿ, ಕೆಳಗೆ ಸಿಡಿಸಿದರೆ ಆವಿಗೆ ದಾರಿ ಮಾಡಿಕೊಟ್ಟ ಹಾಗೆ. ನಾನು ಕಟ್ಟಿದ್ದು ನೀರು ಆರಿಸುವ ಯಂತ್ರ.

ವಿಜಯಪುರದ ಹತ್ತಿರ ಕುಮಟಗಿ ಎಂಬ ಊರಿದೆ. ಅಲ್ಲಿ ಆದಿಲ್‌ಶಾಹಿ ಅರಸರ ಬೇಸಿಗೆಯ ವಿಹಾರದ ಮಂಟಪಗಳಿವೆ. ನೀರನ್ನು ಎತ್ತರಕ್ಕೆ ಒಯ್ದು ಚಾವಣಿಯ ತೂತುಗಳಿಂದ ಮಳೆಯಂತೆ ಇಳಿಸುವ ವ್ಯವಸ್ಥೆ, ಸುತ್ತ ಕೊಳ, ಕಾರಂಜಿ. ನಾನು ಓದುವಾಗ ಒಮ್ಮೆ ಹೋಗಿ ನೋಡಿ ಬಂದಿದ್ದೆ. ಬಯಲುಸೀಮೆಯ ಬೇಸಿಗೆಯಲ್ಲಿ ಮೈ ತಣಿಯಲೆಂದೇ ನೀರನ್ನು ಹಾಗೆ ಬೀಳಿಸಿದರು. ಬೀಳುವ ನೀರು ತಂಪು ಮಾಡುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅದೇ ವಿದ್ಯೆಯನ್ನು ನಾನು ಬಿಸಿ ಉಳಿಯಬೇಕಾದ ಕಡೆ ತಂದು ಕೂರಿಸಿದ್ದೆ.

ಶಾಖ ಹೋದದ್ದು ಒಂದು ಕಡೆಯಾದರೆ ಮೂರು ವಾರದಲ್ಲಿ ಅಂಚಿನ ಕೆಳಗೆ ಬಿಳಿ ಗೆರೆಗಳು ಎದ್ದವು. ಟಬ್ಬಿಗೆ ತುಂಬಿದ್ದು ಬೋರ್‌ವೆಲ್ಲಿನ ಗಡಸು ನೀರು. ನೀರನ್ನು ಗಾಳಿಯಲ್ಲಿ ಸಿಡಿಸಿದಷ್ಟೂ ಅದರಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ. ಅದು ಹೋದ ಹಾಗೆ ಪಿಎಚ್, ಅಂದರೆ ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಎಂದು ತೋರಿಸುವ ಅಂಕೆ, ಏರುತ್ತದೆ. ಪಿಎಚ್ ಏರಿದ ಬಿಸಿನೀರಿನಿಂದ ಸುಣ್ಣ ಬೇಗ ಹೊರಬಿದ್ದು ಕಲ್ಲಿಗೆ ಅಂಟುತ್ತದೆ. ಇನ್ನೂ ಒಂದಿದೆ. ಪಿಎಚ್ 7.5ರಲ್ಲಿ ನೀರಿಗೆ ಹಾಕಿದ ಕ್ಲೋರಿನ್ನಿನ ಅರ್ಧದಷ್ಟು ಮಾತ್ರ ರೋಗಾಣು ಕೊಲ್ಲುವ ಬಲವಾದ ರೂಪದಲ್ಲಿರುತ್ತದೆ. 8ಕ್ಕೆ ಬಂದರೆ ಕಾಲು ಭಾಗದಷ್ಟೂ ಉಳಿಯುವುದು ಕಷ್ಟ. ಪರೀಕ್ಷೆಯ ಪಟ್ಟಿ ಅದ್ದಿ ನೋಡಿದರೆ ಕ್ಲೋರಿನ್ ಸರಿಯಾಗೇ ಇದೆ ಎಂದು ತೋರಿಸುತ್ತದೆ. ಆದರೆ ಅದು ಕೆಲಸ ಮಾಡುತ್ತಿರುವುದಿಲ್ಲ.

ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆಂದರೆ, 1999ರ ಫೆಬ್ರವರಿಯಲ್ಲಿ ನೆದರ್ಲೆಂಡ್ಸಿನ ಬೋವೆನ್‌ಕಾರ್ಸ್ಪೆಲ್ ಎಂಬಲ್ಲಿ ನಡೆದ ಹೂವಿನ ಪ್ರದರ್ಶನದ ಕಥೆ ಓದಿದ ಮೇಲೆ ನನಗೆ ಕೆಲವು ದಿನ ಸರಿಯಾಗಿ ನಿದ್ದೆ ಬರಲಿಲ್ಲ. ಮಾರಾಟಕ್ಕೆಂದು ಅಲ್ಲೊಂದು ಬಿಸಿನೀರಿನ ಟಬ್ ಇಟ್ಟು ಗುಳ್ಳೆ ಏಳಿಸುತ್ತಿದ್ದರು, ಜನ ನೋಡಲಿ ಎಂದು ಮಾತ್ರ. ನೋಡುತ್ತಾ ಹತ್ತಿರ ಹಾದುಹೋದವರ ಉಸಿರಿನೊಳಗೆ ಆ ನೀರಿನ ಸೂಕ್ಷ್ಮ ಹನಿಗಳ ಜೊತೆ ಲೀಜಿಯೊನೆಲ್ಲ ಎಂಬ ಬ್ಯಾಕ್ಟೀರಿಯಾ ಸೇರಿತು. ಶ್ವಾಸಕೋಶದ ಸೋಂಕಿನಿಂದ ಕನಿಷ್ಠ 32 ಮಂದಿ ತೀರಿಕೊಂಡರು. ಈ ಬ್ಯಾಕ್ಟೀರಿಯಾಕ್ಕೆ ಒಗ್ಗುವುದು ಸುಮಾರು 20ರಿಂದ 45 ಡಿಗ್ರಿಯ ನೀರು. ಟಬ್ಬಿನ ನೀರು ಇರುವುದೂ ಅದೇ ಶಾಖದಲ್ಲಿ. ಸ್ನಾನದ ನೀರಿನಲ್ಲಿ ಕ್ಲೋರಿನ್ 3 ಪಿಪಿಎಂಗಿಂತ (ಲೀಟರಿಗೆ 3 ಮಿಲಿಗ್ರಾಂ) ಕೆಳಗೆ ಇಳಿಯಬಾರದು, ಪಿಎಚ್ 7.2ರಿಂದ 7.8ರ ನಡುವೆ ಇರಬೇಕು. ಅಲಂಕಾರಕ್ಕೆಂದು ಮಂಜು ಎಬ್ಬಿಸುವ ನಳಿಕೆ ಬೇಕೆಂದು ಕೇಳಿದವರಿಗೆ ನಾನು ಆಗುವುದಿಲ್ಲ ಎಂದೇ ಹೇಳುತ್ತೇನೆ. ಕೆಲಸ ಕೈತಪ್ಪಿದರೂ ಸರಿ.

ಬೆಂಗಳೂರಿನ ಆ ಗೋಡೆಯನ್ನು ನನ್ನ ಖರ್ಚಿನಲ್ಲೇ ತೆಗೆಸಿದೆ. ಅಜ್ಜಿ ಈಗ ನೆಮ್ಮದಿಯಿಂದ ಕೂರುತ್ತಾರೆ.

ಎರಡು ವರ್ಷದ ಹಿಂದೆ ಮೂಡಿಗೆರೆ ಕಡೆಯ ಒಂದು ಕಾಫಿ ತೋಟದ ಮನೆಯವರು ಕರೆದರು. ಯಜಮಾನರಿಗೆ ಎಪ್ಪತ್ತರ ಹತ್ತಿರ, ಮಂಡಿನೋವು. ಹೊರದೇಶದಲ್ಲಿರುವ ಮಗಳು ಅಪ್ಪನಿಗೆಂದು ಟಬ್ ಕೊಡಿಸಿದ್ದಳು. ಮನೆಯ ಹಿಂದೆ ಗುಡ್ಡ, ಗುಡ್ಡದಲ್ಲಿ ಒರತೆ, ಒರತೆಯಿಂದ ಪೈಪಿನಲ್ಲಿ ತಾನಾಗಿ ಇಳಿದು ಬರುವ ನೀರು. ಪಂಪು ಬೇಡ, ಕರೆಂಟು ಬೇಡ. ಅದನ್ನು ಕಂಡ ಕೂಡಲೇ ನನಗೆ ನಮ್ಮ ಮನೆಯ ಮರಿಗೆ ಕಣ್ಣಿಗೆ ಬಂತು. ಮಗಳು ಫೋನಿನಲ್ಲಿ ಒಂದು ರೆಸಾರ್ಟಿನ ಚಿತ್ರ ಕಳಿಸಿದ್ದಳು. ಕೃತಕ ಬಂಡೆಗಳ ಮೇಲಿಂದ ಟಬ್ಬಿಗೇ ಧುಮುಕುವ ನೀರು. ಬೆಂಗಳೂರಿನ ಕಥೆಯನ್ನು ಅವಳಿಗೆ ಬಿಡಿಸಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪನಿಗೆ ಬಿಸಿ ಆರಬಾರದು ಅಕ್ಕಾ, ಅಷ್ಟು ನೋಡಿಕೊಳ್ಳಿ. ಉಳಿದಿದ್ದು ನಿಮಗೆ ಬಿಟ್ಟಿದ್ದು" ಎಂದಳು.

ಮೊದಲು ಮಾಡಿದ್ದು ಒಣ ಟಬ್ಬಿನಲ್ಲಿ ಕೂತುಕೊಳ್ಳುವ ಕೆಲಸ. ಇದನ್ನು ಎಲ್ಲರೂ ಮಾಡಬೇಕು. ನೀರಿನ ಅಲಂಕಾರದ ನಕ್ಷೆಯನ್ನು ನಾವು ನಿಂತುಕೊಂಡು ಯೋಚಿಸುತ್ತೇವೆ. ಆದರೆ ಅದನ್ನು ನೋಡುವವರು ಕುತ್ತಿಗೆಯವರೆಗೆ ನೀರಿನಲ್ಲಿ ಕೂತಿರುತ್ತಾರೆ. ಅವರ ಕಣ್ಣು ನೀರಿನ ಮಟ್ಟಕ್ಕಿಂತ ಒಂದು ಗೇಣು ಮೇಲಿದ್ದರೆ ಹೆಚ್ಚು. ಆರಡಿ ಎತ್ತರದ ಫಾಲ್ಸು ಅಲ್ಲಿಂದ ಕಾಣುವುದು ಕೆಳಗಿನಿಂದ, ಕತ್ತು ಎತ್ತಿದರೆ ಮಾತ್ರ. ಕಣ್ಣಿನ ನೇರಕ್ಕೆ, ಒಂದು ಮಾರಿನ ದೂರದಲ್ಲಿ, ತೆಳ್ಳಗೆ ಬಾಗಿ ಬೀಳುವ ನೀರಾದರೆ ಅದು ಕೂತವರ ಜೊತೆಗೇ ಇರುತ್ತದೆ. ಟಬ್ಬಿನ ಎಡಕ್ಕೆ ಅಷ್ಟೇ ದೂರದಲ್ಲಿ ಐದಡಿ ಉದ್ದದ ಕಲ್ಲಿನ ಮರಿಗೆ ಇಡುವುದೆಂದು ಸೀಮೆಸುಣ್ಣದಲ್ಲಿ ಗುರುತು ಹಾಕಿದೆ.

ಮರಿಗೆಗೆ, ಅದರೊಳಕ್ಕೆ ನೀರು ಬೀಳಿಸುವ ದೋಣಿಗೆ ಬಳಪದ ಕಲ್ಲು. ಬೇಲೂರು, ಹಳೇಬೀಡಿನ ಗುಡಿಗಳದು ಇದೇ ಜಾತಿಯ ಕಲ್ಲು. ಉಳಿಗೆ ಮೆತ್ತಗೆ ಬಗ್ಗುತ್ತದೆ, ನೀರು ಹೀರುವುದು ಬಹಳ ಕಡಿಮೆ, ಒಮ್ಮೆ ಬಿಸಿಯಾದರೆ ಬೇಗ ಆರುವುದಿಲ್ಲ. ಅಗ್ಗವೆಂದು ಟಬ್ಬಿನ ಸುತ್ತ ಶಹಾಬಾದ್ ಕಲ್ಲೋ ಕಡಪ ಕಲ್ಲೋ ಹಾಕುವವರಿದ್ದಾರೆ. ಅವೆರಡೂ ಸುಣ್ಣದ ಕಲ್ಲುಗಳು. ಪಿಎಚ್ ಇಳಿಸಲು ಆಮ್ಲ ಬಳಸುವ ಕಡೆ ಹನಿ ಬಿದ್ದಲ್ಲೆಲ್ಲ ಹೊಳಪು ಹೋಗಿ ಮಚ್ಚೆ ಬೀಳುತ್ತದೆ. ಮುರಕಲ್ಲು ನನಗೆ ಪ್ರೀತಿಯ ಕಲ್ಲು, ಆದರೆ ಅದರ ತುಂಬ ತೂತು. ನೀರು ಕುಡಿದು ಕೆಂಪು ಇಳಿಸುತ್ತದೆ. ಕಾಲಿಡುವ ಕಡೆ ಒರಟಾಗಿ ಕೊಚ್ಚಿದ ಗ್ರಾನೈಟ್ ಬಿಟ್ಟು ಬೇರೇನೂ ಹಾಕಬೇಡಿ. ಮಲೆನಾಡಿನಲ್ಲಿ ಒಂದೇ ಮಳೆಗಾಲಕ್ಕೆ ಹಾವಸೆ ಕಟ್ಟುತ್ತದೆ, ವಯಸ್ಸಾದವರ ಕಾಲು ಜಾರಿದರೆ ಮಂಡಿನೋವಿನ ಮಾತು ಹಾಗಿರಲಿ, ಸೊಂಟವೇ ಹೋಗುತ್ತದೆ.

ನೀರು ಬೀಳುವ ಬಾಯಿ ಗೋಮುಖವಾಗಲಿ ಎಂದು ಯಜಮಾನರ ಆಸೆ. ಬೆಂಗಳೂರಿನ ಮಲ್ಲೇಶ್ವರದ ನಂದಿತೀರ್ಥದಲ್ಲಿ ನಂದಿಯ ಬಾಯಿಂದ ಬಂದ ನೀರು ಕೆಳಗಿನ ಲಿಂಗದ ಮೇಲೆ ಬೀಳುವುದನ್ನು ಅವರು ನೋಡಿದ್ದರು. ಮನೆಯ ಅಮ್ಮ ಒಪ್ಪಲಿಲ್ಲ. "ಗೋಮುಖದಿಂದ ಬಂದದ್ದು ತೀರ್ಥ. ಅದರ ಪಕ್ಕ ಕಾಲು ಚಾಚಿಕೊಂಡು ಕೂರೋದು ನನಗೆ ಸರಿ ಕಾಣಲ್ಲ" ಎಂದರು. ನನಗೂ ಅವರ ಮಾತು ಸರಿಯೆನಿಸಿತು. ಬೇಲೂರು ಕಡೆಯಿಂದ ಬಂದ ಕಲ್ಲುಕುಟಿಗರು ಅಡಿಕೆ ದಬ್ಬೆಯ ಆಕಾರದ್ದೇ ಒಂದು ಸಾದಾ ಕಲ್ಲಿನ ದೋಣಿ ಮಾಡಿಕೊಡುತ್ತೇನೆ ಎಂದರು. ನನ್ನ ಮನಸ್ಸಿನಲ್ಲಿ ಇದ್ದದ್ದೂ ಅದೇ.

ಈ ದೋಣಿಯ ತುದಿಯ ಬಗ್ಗೆ ಸ್ವಲ್ಪ ಹೇಳಲೇಬೇಕು. ಎಷ್ಟೋ ಮನೆಗಳ ಫಾಲ್ಸು ಕೆಡುವುದು ಇಲ್ಲೇ. ತುದಿ ದುಂಡಗಿದ್ದರೆ ನೀರು ಮುಂದಕ್ಕೆ ಹಾರುವುದಿಲ್ಲ. ಕಲ್ಲಿಗೆ ಅಂಟಿಕೊಂಡು ಅಡಿಭಾಗಕ್ಕೆ ತಿರುಗಿ, ಗೋಡೆಗುಂಟ ಇಳಿದುಬಿಡುತ್ತದೆ. ಪಾತ್ರೆಯಿಂದ ಹಾಲು ಮೆಲ್ಲಗೆ ಬಗ್ಗಿಸಿದಾಗ ಹೊರಮೈಗೆ ಸೋರುತ್ತದಲ್ಲ, ಹಾಗೆ. ತುದಿ ಚೂಪಾಗಿರಬೇಕು, ಅಡಿಯಲ್ಲಿ ತುದಿಯಿಂದ ಒಂದು ಬೆರಳು ಹಿಂದಕ್ಕೆ ಆಳವಾದ ಗೆರೆ ಕೊರೆದಿರಬೇಕು. ಅಂಟಿಕೊಂಡು ಬಂದ ನೀರು ಆ ಗೆರೆ ದಾಟಲಾರದೆ ಅಲ್ಲೇ ತೊಟ್ಟಿಕ್ಕುತ್ತದೆ. ಕಲ್ಲುಕುಟಿಗರಿಗೆ ಇದನ್ನು ವಿವರಿಸಲು ಹೊರಟರೆ ಅವರು ಅರ್ಧಕ್ಕೇ ತಡೆದು, ಗರ್ಭಗುಡಿಯ ಅಭಿಷೇಕದ ನೀರು ಹೊರಬರುವ ಪ್ರಣಾಳದ ಅಡಿಗೂ ಹಾಗೇ ಮಾಡುವುದು ಎಂದರು. ಅಭಿಷೇಕದ ನೀರು ಗುಡಿಯ ಗೋಡೆ ನೆನೆಸದೆ ಆಚೆ ಬೀಳಬೇಕಲ್ಲ. ನಾನು ಪುಸ್ತಕದಲ್ಲಿ ಓದಿ ಕಲಿತದ್ದು ಅವರ ಕೈಯಲ್ಲಿ ಮೊದಲೇ ಇತ್ತು.

ಅಗಲ 20 ಸೆಂಟಿಮೀಟರ್. ತುದಿಯ ಮೇಲೆ ಮುಕ್ಕಾಲು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ದಪ್ಪಕ್ಕೆ ನೀರು ಹರಿದರೆ ಒಡೆಯದ ಹಾಳೆ ಸಿಗುತ್ತದೆ. ಅದಕ್ಕೆ ನಿಮಿಷಕ್ಕೆ 16 ಲೀಟರ್ ಸಾಕು. ಬೆಂಗಳೂರಿನ 120 ಎಲ್ಲಿ, ಇದೆಲ್ಲಿ. ನವೆಂಬರಿನಲ್ಲಿ ಒರತೆಯ ಪೈಪಿಗೆ ಬಕೆಟ್ ಹಿಡಿದು ನೋಡಿದಾಗ ಅಷ್ಟು ನೀರು ಬರುತ್ತಿತ್ತು. ಆದರೆ ಬೇಸಿಗೆಗೆ ಒರತೆ ಸಣ್ಣಗಾಗುತ್ತದೆ. ಏಪ್ರಿಲಿನಲ್ಲಿ ನಿಮಿಷಕ್ಕೆ 5 ಲೀಟರ್ ಬಂದರೆ ಪುಣ್ಯ ಎಂದು ಯಜಮಾನರು ಹೇಳಿದರು. ಅಷ್ಟು ಕಡಿಮೆ ನೀರು ಅಗಲದ ಅಂಚಿನ ಮೇಲೆ ಹಾಳೆಯಾಗುವುದಿಲ್ಲ. ಅಲ್ಲೊಂದು ಇಲ್ಲೊಂದು ಎಳೆಯಾಗಿ ಹರಿದು, ಅರ್ಧದಷ್ಟು ನೀರು ಕಲ್ಲಿನ ಅಡಿಭಾಗಕ್ಕೆ ತಿರುಗುತ್ತದೆ. ಇದಕ್ಕೆ ನಾವು ಕಂಡುಕೊಂಡದ್ದು ತುದಿಯ ನಡುವೆ ಎರಡು ಬೆರಳು ಅಗಲದ, ಬೊಟ್ಟಿನ ದಪ್ಪದಷ್ಟು ಆಳದ ಒಂದು ತೋಡು. ಬೇಸಿಗೆಯಲ್ಲಿ ಇರುವ ನೀರೆಲ್ಲ ಆ ತೋಡಿನಲ್ಲೇ ಕೂಡಿ ಒಂದೇ ಗಟ್ಟಿ ಎಳೆಯಾಗಿ ಬೀಳುತ್ತದೆ. ಮಳೆ ಹಿಡಿದ ಮೇಲೆ ತೋಡು ತುಂಬಿ ನೀರು ಎರಡೂ ಬದಿಗೆ ಹರಡಿ ಹಾಳೆಯಾಗುತ್ತದೆ. ಕಲ್ಲು ಒಂದೇ, ಅದಕ್ಕೆ ಎರಡು ಋತುವಿನ ಮುಖ. ನಾನು ಇಷ್ಟು ವರ್ಷ ಮಾಡಿದ ಕೆಲಸಗಳಲ್ಲಿ ಈ ಎರಡು ಬೆರಳಿನ ತೋಡು ನನಗೆ ಎಲ್ಲಕ್ಕಿಂತ ಪ್ರಿಯ.

ಎತ್ತರ ಎಷ್ಟಿರಬೇಕೆಂದು ಕಿವಿಯಿಂದಲೇ ನಿರ್ಧಾರ ಮಾಡಿದೆವು. ನೀರಿನ ಸದ್ದೆಂದರೆ ಬಹುಮಟ್ಟಿಗೆ ಗಾಳಿಗುಳ್ಳೆಯ ಸದ್ದು. ಬೀಳುವ ನೀರು ತನ್ನ ಜೊತೆ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ, ಆ ಗುಳ್ಳೆಗಳು ಕಂಪಿಸಿ ದನಿ ಮಾಡುತ್ತವೆ. ಬೆಲ್ಜಿಯಂನಲ್ಲಿ ಹುಟ್ಟಿದ ಖಗೋಳ ವಿಜ್ಞಾನಿ ಮಾರ್ಸೆಲ್ ಮಿನ್ನಾರ್ಟ್ 1933ರಲ್ಲಿ ಇದರ ಲೆಕ್ಕ ಕೊಟ್ಟರು. ಗುಳ್ಳೆ ದೊಡ್ಡದಾದಷ್ಟೂ ದನಿ ತಗ್ಗುತ್ತದೆ. ಒಂದು ಮಿಲಿಮೀಟರ್ ತ್ರಿಜ್ಯದ ಗುಳ್ಳೆಯ ದನಿ ಸೆಕೆಂಡಿಗೆ ಸುಮಾರು 3300 ಕಂಪನದ ಕೀಚಲು. ಮೂರು ಮಿಲಿಮೀಟರಿನದಾದರೆ ಅದರ ಮೂರನೇ ಒಂದು ಭಾಗ. ಮರಿಗೆಯಲ್ಲಿ ನೀರು ನಾಲ್ಕು ಬೆರಳಿನಷ್ಟೇ ನಿಂತಿದ್ದರೆ ಬೀಳುವ ನೀರು ತಳದ ಕಲ್ಲಿಗೆ ಬಡಿದು ಚಟಚಟ ಎನ್ನುತ್ತದೆ. ಒಂದು ಮೊಳ ಆಳವಿದ್ದರೆ ಗುಳ್ಳೆಗಳಿಗೆ ಒಳಗೆ ಹೋಗಿ ಬರಲು ಜಾಗ ಸಿಕ್ಕಿ ಗುಳುಗುಳು ಎಂಬ ತುಂಬಿದ ದನಿ ಬರುತ್ತದೆ. ಮರಿಗೆಯ ಆಳ ಒಂದು ಮೊಳ ಮಾಡಿಸಿದೆ. ಆಮೇಲೆ ದೋಣಿಯ ಕೆಳಗೆ ಹಲಗೆ ತುಂಡುಗಳನ್ನು ಒಂದೊಂದಾಗಿ ತೆಗೆಯುತ್ತಾ ಬಂದೆವು. ಯಜಮಾನರೂ ಅಮ್ಮನೂ ಒಣ ಟಬ್ಬಿನೊಳಗೆ ಕೂತು ಮಾತಾಡುತ್ತಿದ್ದರು. ದನಿ ಎತ್ತರಿಸದೆ ಇಬ್ಬರ ಮಾತೂ ಇಬ್ಬರಿಗೂ ಕೇಳುವ ಹಾಗಾದಾಗ ನಿಲ್ಲಿಸಿ ಅಂದೆ. ಟೇಪು ಹಿಡಿದರೆ 34 ಸೆಂಟಿಮೀಟರ್. ಒಂದೂವರೆ ಗೇಣು. ನಾನು ಅಲ್ಲೇ ಸ್ವಲ್ಪ ಹೊತ್ತು ಟೇಪು ಹಿಡಿದುಕೊಂಡು ಕೂತೆ. ಅಪ್ಪಯ್ಯ ತೀರಿಕೊಂಡು ಆರು ವರ್ಷವಾಗಿತ್ತು.

ಮಗಳಿಗೆ ಬಿಸಿನೀರೂ ಸ್ವಲ್ಪ ಆಡಬೇಕು ಎಂಬ ಆಸೆ ಪೂರ್ತಿ ಹೋಗಿರಲಿಲ್ಲ. ಅದಕ್ಕೊಂದು ಚಿಕ್ಕ ದಾರಿ ಮಾಡಿದೆವು. ಟಬ್ಬಿನ ತಲೆಯ ಕಡೆ ಒಂದು ಇಳಿಜಾರು ಬಳಪದ ಕಲ್ಲು. ಫಿಲ್ಟರಿನಿಂದ ಬಂದ ಬಿಸಿನೀರಿನ ಒಂದು ಪಾಲು ಅದರ ಮೇಲೆ ಪೊರೆಯಂತೆ ಜಾರಿ ಮತ್ತೆ ಟಬ್ ಸೇರುತ್ತದೆ. ಎಲ್ಲಿಯೂ ಗಾಳಿಯಲ್ಲಿ ಬೀಳುವುದಿಲ್ಲ, ಸಿಡಿಯುವುದಿಲ್ಲ. ಕಲ್ಲಿನ ಮೈಯನ್ನು ನಯ ಮಾಡದೆ ಉಳಿಯ ಗುರುತು ಹಾಗೇ ಬಿಡಿಸಿದೆ. ನೀರು ಆ ಗೆರೆಗಳನ್ನು ಹಿಡಿದುಕೊಂಡು ಇಳಿಯುತ್ತದೆ. ಜನ ಒಳಗಿದ್ದಾಗ ಮಾತ್ರ ವಾಲ್ವ್ ತೆರೆಯುವುದು, ಎದ್ದ ಕೂಡಲೇ ಮುಚ್ಚಳ. ಹೀಗಾಗಿ ಆರುವ ಶಾಖ ಹೀಟರಿಗೆ ಭಾರವೆನಿಸುವುದಿಲ್ಲ. ಯಜಮಾನರ ವಯಸ್ಸಿಗೆ 38 ಡಿಗ್ರಿಗಿಂತ ಮೇಲೆ ಬೇಡ, ಒಮ್ಮೆಗೆ ಹದಿನೈದು ನಿಮಿಷ ಸಾಕು ಎಂದು ಅವರ ಡಾಕ್ಟರು ಹೇಳಿದ್ದರು. ಯಾರಿಗಾದರೂ 40 ಡಿಗ್ರಿ ದಾಟಬಾರದು. ಆದರೆ ಆ ಕಲ್ಲಿನಿಂದ ನಾನು ಎಣಿಸದೇ ಇದ್ದ ಒಂದು ಉಪಕಾರವಾಯಿತು. ಹತ್ತು ನಿಮಿಷ ಬಿಸಿನೀರು ಹರಿದ ಮೇಲೆ ವಾಲ್ವ್ ನಿಲ್ಲಿಸಿ ಕುತ್ತಿಗೆಯನ್ನು ಅದಕ್ಕೆ ಆನಿಸಿದರೆ ಕಲ್ಲೇ ಕಾವು ಕೊಡುತ್ತದೆ. ಈಗ ಅವರು ಮಂಡಿಗಿಂತ ಕುತ್ತಿಗೆಗೇ ಹೆಚ್ಚು ಸುಖ ಎನ್ನುತ್ತಾರೆ.

ದೀಪ ಎರಡೇ. ಒಂದು ದೋಣಿಯ ಅಡಿಯಲ್ಲಿ, ಬುರುಡೆ ಕಣ್ಣಿಗೆ ಕಾಣದ ಹಾಗೆ, ಬೀಳುವ ನೀರಿನ ಹಿಂದಿನಿಂದ. ಇನ್ನೊಂದು ಟಬ್ಬಿನ ಆಚೆ ನೆಲಮಟ್ಟದಲ್ಲಿ, ಏಳುವ ಹಬೆಗೆ ಬೆಳಕು ಬೀಳುವ ಹಾಗೆ. ಚಳಿಗಾಲದ ರಾತ್ರಿಯಲ್ಲಿ ಬಿಸಿನೀರಿನ ಹಬೆಗಿಂತ ದೊಡ್ಡ ಅಲಂಕಾರ ನನಗೆ ಗೊತ್ತಿಲ್ಲ. ಬಣ್ಣ ಬದಲಾಗುವ ದೀಪಗಳು ಅದನ್ನು ಕೊಂದುಹಾಕುತ್ತವೆ. ಎರಡೂ 12 ವೋಲ್ಟಿನವು, ಟ್ರಾನ್ಸ್‌ಫಾರ್ಮರ್ ಮನೆಯೊಳಗೆ. ಟಬ್ಬಿನ ಲೈನಿಗೆ, ಕರೆಂಟು ಸೋರಿದ ಕೂಡಲೇ ತಾನೇ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ಚು ಇಲ್ಲದೆ ನಾನು ನೀರು ತುಂಬಲು ಬಿಡುವುದಿಲ್ಲ.

ಎರಡು ನೀರನ್ನು ಬೇರೆ ಇಟ್ಟದ್ದರ ಲಾಭ ಗಿಡಗಳಿಗೂ ಸಿಕ್ಕಿತು. ಮರಿಗೆಯಿಂದ ಉಕ್ಕುವ ನೀರಿನಲ್ಲಿ ಕ್ಲೋರಿನ್ ಇಲ್ಲ, ಉಪ್ಪಿಲ್ಲ. ಅದು ಕಾಲುವೆಯಲ್ಲಿ ಹೋಗಿ ಬಾಳೆಗೆ, ಅಲ್ಲಿಂದ ಕಾಫಿ ಗಿಡಕ್ಕೆ ಸೇರುತ್ತದೆ. ಮರಿಗೆಯ ಬುಡದಲ್ಲಿ ಕೆಸು ಮತ್ತು ಜರಿಗಿಡ ನಾವು ನೆಡುವ ಮೊದಲೇ ತಾವಾಗಿ ಬಂದು ನಿಂತವು. ಟಬ್ಬಿನ ನೀರನ್ನು ಬೀಳಿಸಿದ್ದರೆ ಸಿಡಿದ ಹನಿಗೆ ಅವುಗಳ ಎಲೆ ಸುಡುತ್ತಿತ್ತು. ಪೇಟೆಯ ಮನೆಯಲ್ಲಿ ಒರತೆ ಎಲ್ಲಿಂದ ಬರಬೇಕು ಎಂದು ಕೇಳುತ್ತೀರಿ. ಅಲ್ಲಿ ಸಣ್ಣ ಪಂಪು ಇಟ್ಟು ಅದೇ ತಣ್ಣೀರನ್ನು ತಿರುಗಿಸಬೇಕು. ನಿಮಿಷಕ್ಕೆ 16 ಲೀಟರಿಗೆ ದೊಡ್ಡ ಪಂಪೇನೂ ಬೇಡ. ಆದರೆ ಬೆಂಗಳೂರಿನಲ್ಲಿ ಆ ತಣ್ಣೀರೂ ವರ್ಷದ ಹೆಚ್ಚು ಕಾಲ 20 ಡಿಗ್ರಿಯ ಮೇಲೆಯೇ ಇರುತ್ತದೆ. ಹಾಗಾಗಿ ಅದಕ್ಕೂ ಕ್ಲೋರಿನ್ ಬೇಕು, ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜಬೇಕು, ಬಳಸದೆ ನೀರು ನಿಂತೇ ಉಳಿಯುವ ಪೈಪಿನ ತುಂಡು ಎಲ್ಲಿಯೂ ಇರಬಾರದು. ಗಿಡದ ಆಸೆ ಅಲ್ಲಿ ಬಿಡಬೇಕಾಗುತ್ತದೆ.

ಕಳೆದ ಜುಲೈಯಲ್ಲಿ ಆ ಮನೆಗೆ ಹೋದಾಗ ಜಡಿಮಳೆ. ಹೆಂಚಿನ ಮಾಡಿನ ಕೆಳಗೆ ಟಬ್, ಯಜಮಾನರು ನೀರಿನಲ್ಲಿದ್ದರು, ನಾನು ಮತ್ತು ಅಮ್ಮ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದೆವು. ಕರೆಂಟು ಹೋಯಿತು. ಟಬ್ಬಿನ ಮೋಟಾರು, ಗುಳ್ಳೆ, ದೀಪ ಎಲ್ಲ ಒಟ್ಟಿಗೆ ನಿಂತವು. ಕತ್ತಲಲ್ಲಿ ದೋಣಿಯ ನೀರು ಮಾತ್ರ ಬೀಳುತ್ತಲೇ ಇತ್ತು, ಮಳೆಯ ಸದ್ದಿನ ನಡುವೆಯೂ ಬೇರೆಯಾಗಿ ಕೇಳುವಷ್ಟು. ಯಾರೂ ಟಾರ್ಚು ತರಲು ಏಳಲಿಲ್ಲ.

ದೀಪಾವಳಿಗೆ ಅಮ್ಮ ಒಂದು ಫೋಟೋ ಕಳಿಸಿದರು. ನೀರು ತುಂಬುವ ಹಬ್ಬದ ಸಂಜೆಯದು. ಹಂಡೆಗೆ ಮಾಡುವ ಹಾಗೆ ಟಬ್ಬಿನ ಕಟ್ಟೆಗೂ ಕೆಮ್ಮಣ್ಣು ಬಳಿದು ಶೇಡಿಯ ಗೆರೆ ಎಳೆದಿದ್ದಾರೆ. ಸುತ್ತಲೂ ಕಾಯಿ ಸಮೇತ ಹಿಂಡಲಕಾಯಿ ಬಳ್ಳಿ. ಮರಿಗೆಯ ಅಂಚಿನಲ್ಲಿ ಚೆಂಡುಹೂವು. ನಾನು ತಕ್ಷಣ ಫೋನ್ ಮಾಡಿದೆ. ನಾನು ಕೇಳುವ ಮೊದಲೇ ಅವರು, "ಮಣ್ಣು ನೀರಿಗೆ ಬೀಳಬಾರದು ಅಂತ ಮುಚ್ಚಳ ಹಾಕಿಯೇ ಬಳ್ಳಿ ಕಟ್ಟಿದ್ದೀವಿ ಕಣಮ್ಮ. ನಾಳೆ ಬೆಳಗ್ಗೆ ಇವರಿಗೆ ಎಣ್ಣೆ ಹಚ್ಚಿ ಹಂಡೆ ನೀರಲ್ಲೇ ಎರೆಯೋದು, ಎಣ್ಣೆ ಮೈಲಿ ಇದಕ್ಕೆ ಇಳಿಸಲ್ಲ. ಸಂಜೆಗೆ ಮಗಳು ಬರ್ತಾಳೆ, ಆಗ ತೆಗೀತೀವಿ" ಎಂದರು. ಅವರ ಮಾತಿನ ಹಿಂದೆ ದೋಣಿಯ ನೀರು ಕೇಳುತ್ತಿತ್ತು. ಹಾಳೆಯೋ ಎಳೆಯೋ ಎಂದು ಕಿವಿಗೊಟ್ಟೆ. ಮಳೆ ಈಚೆಗಷ್ಟೇ ಬಿಟ್ಟಿತ್ತು, ಇನ್ನೂ ಹಾಳೆಯೇ.